ಹಿಂದಿನ ಸೀಟಿನ ತಾಂಡೇಲ

ಇಳಿತದ ಹೊತ್ತು ಧಾರೇಶ್ವರದ ದಂಡೆಯಲ್ಲಿ
ಮರಳು ಗಟ್ಟಿ; ಎರಡು ತಾಸು, ಹೆಚ್ಚೆಂದರೆ ಎರಡೂಕಾಲು.
ಆಮೇಲೆ ನಮ್ಮ ರನ್‌ವೇ ಸಮುದ್ರದ್ದು.

ನಾಲ್ಕು ಜನ ಹಿಡಿದರೆ ಎತ್ತಿ ತಿರುಗಿಸಬಹುದಾದ ವಿಮಾನ.
ರೆಕ್ಕೆಗೆ ಬಟ್ಟೆ, ಬಟ್ಟೆಗೆ ಬಣ್ಣ,
ಎಡ ರೆಕ್ಕೆಯ ತುದಿಗೆ ಹೋದ ವರ್ಷದ ತೇಪೆ.
ಸೊಸಾಯಿಟಿಯವರು ಗಂಟೆ ಲೆಕ್ಕದಲ್ಲಿ ಬಾಡಿಗೆ ಹಿಡಿದದ್ದು
ತಾರ್ಲೆ ಎಲ್ಲಿ ಹಿಂಡುಗಟ್ಟಿದೆ ಎಂದು ಮೇಲಿಂದ ನೋಡಲಿಕ್ಕೆ.
ನೋಡುವವ ಜಟ್ಟಿ ತಾಂಡೇಲ.
ಎಪ್ಪತ್ತರ ಹತ್ತಿರ. ಬಸ್ಸಿನಲ್ಲಿ ಕೂತರೆ ವಾಂತಿ ಮಾಡುವ ಮನುಷ್ಯ.
ಚಪ್ಪಲಿ ಮರಳಲ್ಲೇ ಬಿಟ್ಟು ಹತ್ತಿದ,
ದೋಣಿ ಹತ್ತುವ ಹಾಗೆ, ಮೊದಲು ಅಂಚು ಮುಟ್ಟಿ ಕಣ್ಣಿಗೊತ್ತಿ.

ಪುಷ್ಯದ ಬೆಳಗು. ಮೂಡುಗಾಳಿ.
ಘಟ್ಟದ ತಂಪು ರಾತ್ರಿಯಿಡೀ ಇಳಿದು
ಅಘನಾಶಿನಿಯ ಗುಂಟ ನಡೆದು
ತದಡಿಯ ಅಳಿವೆಯಲ್ಲಿ ಕಡಲು ಸೇರುವ ಹೊತ್ತು.
ನೀರಿನ ಮೇಲೆ ಅದರ ಹೆಜ್ಜೆ ಕಾಣುತ್ತದೆ.
ಗುಡ್ಡದ ಆಚೆ ಕಾಣುವುದಿಲ್ಲ,
ಅದೇ ತೊಂದರೆ.

ಬೇಲೆಕಾನಿನ ಗುಡ್ಡ ದಾಟಿ ಪಡುವಣಕ್ಕೆ ಹೊರಳಿದೆ.
ಮೊದಲು ಒಂದು ಸಣ್ಣ ಗುದ್ದು,
ಯಾರೋ ಮೊಣಕೈಯಿಂದ ತಿವಿದ ಹಾಗೆ.
ಆಮೇಲೆ ಏನೂ ಇಲ್ಲ. ಏನೂ ಇಲ್ಲದ್ದೇ ಬಂತು:
ಸೀಟು ನನ್ನನ್ನು ಬಿಟ್ಟಿತು, ಸೊಂಟದ ಪಟ್ಟಿ ಹಿಡಿಯಿತು,
ಪೆನ್ಸಿಲ್ಲು ನಕ್ಷೆಯ ಮೇಲಿಂದ ಎದ್ದು
ಕಣ್ಣಿನ ಮಟ್ಟದಲ್ಲಿ ಒಂದು ಗಳಿಗೆ ನಿಂತು
ಏನೋ ಬರೆಯುವುದಿತ್ತು, ಮರೆತೆ ಎಂಬಂತೆ
ಬಿತ್ತು.

ಎಂಟುನೂರು ಅಡಿ. ಏಳುನೂರು.
ಎಂಜಿನ್ನು ಪೂರ್ತಿ ದನಿಯಲ್ಲಿ ದುಡಿಯುತ್ತಿದೆ,
ಸುತ್ತಲ ಗಾಳಿಯೇ ಒಟ್ಟಾಗಿ ಕೆಳಗಿಳಿಯುತ್ತಿದೆ;
ಇಳಿಯುವ ಏಣಿಯನ್ನು ಹತ್ತಿದರೇನು ಬಂತು?
ಕೋಲನ್ನು ಎದೆಗೆ ಎಳೆದುಕೊಂಡೆ.
ಎಳೆಯಬಾರದು. ಎಳೆದೆ.
ಕೈಗೆ ಹೇಳುವವರು ಯಾರು.
ರೆಕ್ಕೆ ನಡುಗಿತು, ತೇಪೆಯ ಅಂಚು ಪಟಪಟ ಎಂದಿತು.
ಗ್ಲೈಡರ್ ಕಲಿಸುವಾಗ ರೊಜಾರಿಯೋ ಸರ್ ಹೇಳಿದ್ದು ಇಷ್ಟೇ:
'ಇಳಿಗಾಳಿಯ ಹತ್ತಿರ ಜಗಳಕ್ಕೆ ನಿಲ್ಲಬೇಡ.
ಮೂಗು ತಗ್ಗಿಸು, ವೇಗ ತಗೋ, ಅದರ ಅಂಗಳ ದಾಟು.'
ಬೀಳುವವಳು ಇನ್ನಷ್ಟು ಬೀಳಲು ಒಪ್ಪಬೇಕು.
ಒಪ್ಪಿದೆ.
ಐನೂರು. ನಾನೂರಾ ಇಪ್ಪತ್ತು.
ನೀರು ನೀಲಿ ಬಿಟ್ಟು ಹಸಿರಾಯಿತು, ಹಸಿರಿನಲ್ಲಿ ಗೆರೆ ಮೂಡಿತು,
ಗೆರೆಯಲ್ಲಿ ನೊರೆ.

ಆಗ ಹಿಂದಿನಿಂದ, ಕಿವಿಯೊಳಗೇ ಕೂಗು:
'ಅಲ್ಲಿ! ಅಲ್ಲಿ ತಂಗಿ, ಎಡಕ್ಕೆ! ಕಪ್ಪಗೆ ಕುದೀತಾ ಉಂಟು ನೋಡು!
ಇನ್ನೂ ಸ್ವಲ್ಪ ಕೆಳಗೆ ತಗೋ!'

ಹೌದು, ಇತ್ತು.
ಒಂದು ಗದ್ದೆಯಷ್ಟು ತಾರ್ಲೆ,
ಒಟ್ಟಿಗೆ ಹೊರಳಿದಾಗ ಒಟ್ಟಿಗೆ ಹೊಳೆಯುವ ಹೊಟ್ಟೆಗಳು,
ಒಂದು ಕಡಲಹದ್ದು, ನಮಗಿಂತ ಮೇಲೆ,
ರೆಕ್ಕೆ ಆಡಿಸದೆ ನಮ್ಮನ್ನು ಬಗ್ಗಿ ನೋಡುತ್ತ.
ನನಗೆ ಮೀನು ಲೆಕ್ಕಕ್ಕೆ ಬರಲಿಲ್ಲ. ಮುಳ್ಳು ನೋಡುತ್ತಿದ್ದೆ.
ಮುನ್ನೂರರ ಹತ್ತಿರ ಮುಳ್ಳು ಯೋಚಿಸಿತು.
ನಿಂತಿತು.
ಗಾಳಿ ಮತ್ತೆ ಬರೀ ಗಾಳಿಯಾಯಿತು,
ಕುಚ್ಚಲಕ್ಕಿ ಗಂಜಿಯಷ್ಟು ಸಾಧು.

ಇಳಿದ ಮೇಲೆ ಚಕ್ರಕ್ಕೆ ಕಲ್ಲಿಡಲು ಬಗ್ಗಿದವಳಿಗೆ
ಏಳಲಾಗಲಿಲ್ಲ; ಮೊಣಕಾಲು ಮಾತು ಕೇಳಲಿಲ್ಲ.
ಅಷ್ಟರಲ್ಲಿ ತಾಂಡೇಲ ಸೊಸಾಯಿಟಿಯ ಹುಡುಗರನ್ನು ಸುತ್ತ ಸೇರಿಸಿ
ಎರಡೂ ಕೈ ಚಾಚಿ ತೋರಿಸುತ್ತಿದ್ದ:
'ಮೀನು ಕಂಡದ್ದೇ ಕಂಡದ್ದು, ಹದ್ದಿನ ಹಾಗೆ ಇಳಿಸಿದಳು ಮಾರಾಯಾ!'
ಹುಡುಗರು ನನ್ನತ್ತ ನೋಡಿದರು. ನಾನು ಕಲ್ಲನ್ನು ನೋಡಿದೆ.
ಹೇಳಬಹುದಿತ್ತು.

ಹೇಳುವ ಮೊದಲು ಅವನ ಚಾಚಿದ ಅಂಗೈ ಕಂಡಿತು.
ಸೀಟಿನ ಪಕ್ಕದ ಕಂಬಿ, ಅದರ ಎರಡು ತಿರುಪು ಮೊಳೆಗಳ ಸಮೇತ
ಕೆಂಪಗೆ ಅಚ್ಚೊತ್ತಿತ್ತು.
ಐವತ್ತು ವರ್ಷ ಹಗ್ಗ ಜಗ್ಗಿ ದಡ್ಡುಗಟ್ಟಿದ ಅಂಗೈ,
ಅದರಲ್ಲೂ.

ಒಂದು ಚಪ್ಪಲಿ ಭರತಕ್ಕೆ ತೇಲಿಹೋಗಿತ್ತು.
ಉಳಿದದ್ದನ್ನು ಕೈಯಲ್ಲಿ ಹಿಡಿದು ಹೊರಟವ ತಿರುಗಿ ಕೇಳಿದ:
'ನಾಳೆಯೂ ಅಷ್ಟೇ ಕೆಳಗೆ ಹೋಗುವುದಾ ತಂಗಿ,
ಇಲ್ಲಾ, ಸ್ವಲ್ಪ ಮೇಲೆ?'